ಆರ್‌ಒ-ಯುವಿ ನೀರು ಶುದ್ಧೀಕರಣ ಯಂತ್ರ: ಬಳಸಿದ ಮೇಲಿನ ಅಭಿಪ್ರಾಯ

ಮಣ್ಣು-ಮರಳಿನ ಕಣಗಳನ್ನು ತಡೆಯುವ ಸೆಡಿಮೆಂಟ್ ಫಿಲ್ಟರ್, ಸಕ್ರಿಯ ಇಂಗಾಲ, ಕರಗಿದ ಲವಣಗಳನ್ನು ತಡೆಯುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಪೊರೆ ಮತ್ತು ಯುವಿ (ನೇರಳಾತೀತ) ದೀಪಗಳಿರುವ ಈ ಯಂತ್ರದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹಂತಗಳನ್ನು ಜೋಡಿಸಿರುವ ಕ್ರಮ. ನಲ್ಲಿ ನೀರಿನಲ್ಲಿ ಉಳಿದ ಕ್ಲೋರಿನ್ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್‌ನಿಂದಾದ ಆರ್‌ಒ ಪೊರೆಯನ್ನು ಹಾಳುಮಾಡುವುದರಿಂದ, ಕ್ಲೋರಿನ್ ತೆಗೆಯುವ ಇಂಗಾಲವನ್ನು ಪೊರೆಗಿಂತ ಮೊದಲೇ ಇರಿಸಲಾಗಿದೆ. ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಯುವಿ ಕಿರಣಗಳು ಸೂಕ್ಷ್ಮಾಣುಗಳ ಡಿಎನ್‌ಎಗೆ ಹಾನಿ ಮಾಡಿ ಅವು ವೃದ್ಧಿಯಾಗದಂತೆ ತಡೆಯುತ್ತವೆಯಾದರೂ, ಕದಡಿದ ನೀರಿನ ಕಣಗಳ ಮರೆಯಲ್ಲಿರುವವುಗಳನ್ನು ತಲುಪಲಾರವಾದ್ದರಿಂದ, ದೀಪವು ಕೊನೆಯಲ್ಲಿರುವುದೇ ಸರಿ. ನೀರಿನ ರುಚಿಯ ಬಗ್ಗೆ ದೂರಿಲ್ಲ.

ಆದರೆ ಮುಂಭಾಗದಲ್ಲಿ ಹೊಳೆಯುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಘನವಸ್ತು) ಅಂಕಿಯನ್ನು ಸುರಕ್ಷತೆಯ ಪ್ರಮಾಣಪತ್ರವೆಂಬಂತೆ ಬಿಂಬಿಸಿರುವುದನ್ನು ಒಪ್ಪಲಾಗದು. ಅದು ಕರಗಿದ ಲವಣಗಳ ಅಂದಾಜಷ್ಟೇ. ಬ್ಯಾಕ್ಟೀರಿಯಾ ಇದೆಯೇ ಎಂಬುದನ್ನು ತಿಳಿಸದು. ಯುವಿ ದೀಪದ ಪರಿಣಾಮವು ಕ್ಲೋರಿನ್‌ನಂತೆ ನೀರಿನಲ್ಲಿ ಉಳಿದು ರಕ್ಷಿಸುವುದಿಲ್ಲವಾದ್ದರಿಂದ ಸಂಗ್ರಹ ತೊಟ್ಟಿಯನ್ನು ಆಗಾಗ ತೊಳೆಯಲೇಬೇಕು, ಆದರೂ ಕೈಪಿಡಿಯಲ್ಲಿ ಆ ಕುರಿತು ಒಂದೇ ಸಾಲಿದೆ (ಅದೂ ಕೊನೆಯ ಪುಟದಲ್ಲಿ). ಪೊರೆಯು ತಿರಸ್ಕರಿಸುವ ನೀರಿನ ಪ್ರಮಾಣವೂ ಕಡಿಮೆಯೇನಲ್ಲ.

ಫ್ಲೋರೈಡ್, ಆರ್ಸೆನಿಕ್ ಅಥವಾ ಅತಿಯಾದ ಲವಣಾಂಶವಿರುವ ನೀರಿಗೆ ಈ ಯಂತ್ರವನ್ನು ಶಿಫಾರಸು ಮಾಡುತ್ತೇನೆ. ಸೂಕ್ಷ್ಮಾಣುಗಳ ಭಯವಷ್ಟೇ ಇದ್ದು ನೀರು ತಿಳಿಯಾಗಿದ್ದರೆ, ಆರ್‌ಒ ಇಲ್ಲದ ಯುವಿ ಮಾದರಿಯೇ ಸಾಕು.