ಬೈಕಂಪಾಡಿಯ ಡೀಸೆಲ್ ಪಂಪ್ ಬೆಂಚಿನ ಮೇಲೆ ಹಳೆಯ ಸ್ಪೋರ್ಟ್ಸ್ ಕಾರಿನ ಪಂಪ್

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಈ ವರ್ಕ್‌ಶಾಪಿನಲ್ಲಿ ದಿನವಿಡೀ ಬೋಟು, ಬಸ್ಸು, ಟಿಪ್ಪರುಗಳ ಡೀಸೆಲ್ ಪಂಪಿನದೇ ಕೆಲಸ. ಹಳೆಯ ಮಿಕೋ (ಬಾಷ್‌ನ ಭಾರತೀಯ ಕಂಪನಿ) ಪಂಪ್ ಬಿಚ್ಚಿ ಕಟ್ಟಿ ಪಳಗಿದ ಕೈಗಳು. 1960ರ ದಶಕದ ಮರ್ಸಿಡಿಸ್ ಎಸ್‌ಎಲ್‌ನ ಪೆಟ್ರೋಲ್ ಇಂಜೆಕ್ಷನ್ ಪಂಪನ್ನೂ (ಎಂಜಿನ್ನಿಗೆ ಇಂಧನವನ್ನು ಅಳೆದು ಒತ್ತುವ ಪಂಪ್) ಇವರಿಗೆ ಧೈರ್ಯವಾಗಿ ಕೊಡಬಹುದು. ಆದರೆ ಅದು ಯಾವ ಮಾದರಿಯ, ಯಾವ ಮಾರುಕಟ್ಟೆಯ ಪಂಪ್ ಎಂದು ಪತ್ತೆ ಮಾಡಿ ಸರಿಯಾದ ಟೆಸ್ಟ್ ಶೀಟ್ (ಪಂಪ್ ಕೊಡಬೇಕಾದ ಇಂಧನದ ಅಳತೆಪಟ್ಟಿ) ಒಯ್ಯುವುದು ಮಾಲೀಕರ ಹೊಣೆ.

ಪತ್ತೆ ಪಂಪಿನ ಮೈಮೇಲಿನ ತಗಡಿನಿಂದ ಶುರುವಾಗಬೇಕು, ಆರ್‌ಸಿ ಪುಸ್ತಕದಿಂದಲ್ಲ. ಐವತ್ತು ವರ್ಷದಲ್ಲಿ ಪಂಪ್ ಎಷ್ಟು ಸಲ ಬದಲಾಗಿದೆಯೋ ಆರ್‌ಸಿಗೆ ಗೊತ್ತಿರುವುದಿಲ್ಲ. ಬಾಷ್ ತಗಡಿನಲ್ಲಿ 'ಪಿಇಎಸ್ 6 ಕೆಎಲ್ 70' ಎಂದಿದ್ದರೆ ಸ್ವಂತ ಕ್ಯಾಮ್‌ಶಾಫ್ಟ್ ಇರುವ, ಫ್ಲ್ಯಾಂಜಿನಿಂದ ಕೂರುವ, ಆರು ಸಿಲಿಂಡರಿನ, 7 ಮಿ.ಮೀ. ಪ್ಲಂಜರಿನ (ಇಂಧನ ಒತ್ತುವ ಕಡ್ಡಿ) ಪಂಪ್ ಎಂದರ್ಥ. ಇಷ್ಟನ್ನು ಇಲ್ಲಿನ ಮೆಕ್ಯಾನಿಕ್ ನಿಮಿಷದಲ್ಲಿ ಓದುತ್ತಾರೆ. ನಿಜವಾದ ಭೇದ ಇರುವುದು ಕೊನೆಯ 'ಆರ್' ಅಕ್ಷರದ ಪಕ್ಕದ ಸಂಖ್ಯೆಯಲ್ಲಿ. ಅದು ಬೇರೆಯಾದರೆ ಹೊರಮೈ ಒಂದೇ ತರಹ ಕಂಡರೂ ಟೆಸ್ಟ್ ಶೀಟ್ ಬೇರೆ. ಎಣ್ಣೆಯೂ ಒಂದು ಸುಳಿವು ಕೊಡುತ್ತದೆ: 230 ಎಸ್‌ಎಲ್ ಪಂಪಿಗೆ ಅದರದೇ ಎಣ್ಣೆ, ಅದರದೇ ಡಿಪ್‌ಸ್ಟಿಕ್, 280 ಎಸ್‌ಎಲ್‌ನದಕ್ಕೆ ಎಂಜಿನ್ ಎಣ್ಣೆಯೇ ಹರಿದು ಬರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಲಿಮೆಂಟ್ (ಪ್ಲಂಜರ್ ಮತ್ತು ಅದು ಓಡಾಡುವ ಕೊಳವೆಯ ಜೋಡಿ) ಸವೆದು ಸೋರುತ್ತಿದೆ ಎಂದೇ ತಿಳಿಯಿರಿ.

ಬೇರೆ ಕಾರುಗಳಲ್ಲಿ ಮಾರುಕಟ್ಟೆಯ ಗುರುತು ಇನ್ನೂ ಸ್ಪಷ್ಟ. 1972ರ ಪೋರ್ಷೆ 911 ಟಿ ಅಮೆರಿಕಕ್ಕೆ ಪಂಪಿನೊಂದಿಗೆ, ಯುರೋಪಿಗೆ ಝೆನಿತ್ ಕಾರ್ಬ್ಯುರೇಟರಿನೊಂದಿಗೆ ಹೋಯಿತು. ಟಿ, ಇ, ಎಸ್ ಮೂರರ ಪಂಪ್‌ಗಳಲ್ಲೂ ಇಂಧನದ ಪ್ರಮಾಣ ನಿರ್ಧರಿಸುವ ಒಳಗಿನ ಕ್ಯಾಮ್ ಬೇರೆ ಬೇರೆ. ಅದಲುಬದಲಾದರೆ ಎಷ್ಟು ಟ್ಯೂನ್ ಮಾಡಿದರೂ ಎಂಜಿನ್ ಹದಕ್ಕೆ ಬರುವುದಿಲ್ಲ. ಆಲ್ಫಾ ರೋಮಿಯೋದ ಸ್ಪೈಡರ್, ಜಿಟಿವಿಗಳಲ್ಲಿ ಸ್ಪಿಕಾ ಕಂಪನಿಯ ಇಂಜೆಕ್ಷನ್ ಪಂಪ್ ಕಂಡರೆ ಅದು ಅಮೆರಿಕದ ಕಾರು. ಟ್ರಯಂಫ್ ಟಿಆರ್6ನಲ್ಲಿ ಚಾಸಿ ನಂಬರಿನ 'ಸಿಪಿ', 'ಸಿಆರ್' ಎರಡೂ ಇಂಜೆಕ್ಷನ್ ಕಾರುಗಳೇ, 'ಸಿಸಿ' ಮತ್ತು 'ಸಿಎಫ್' ಅಮೆರಿಕದ ಕಾರ್ಬ್ಯುರೇಟರ್ ಕಾರುಗಳು. ಟ್ರಯಂಫಿನ ಲೂಕಾಸ್ ಮೀಟರಿಂಗ್ ಯೂನಿಟ್ಟನ್ನು ಮಾತ್ರ ಇಲ್ಲಿಗೆ ತರಬೇಡಿ. ಅದರಲ್ಲಿ ಇಂಧನದ ಅಳತೆ ಹೆಚ್ಚು ಕಡಿಮೆ ಮಾಡುವ ಸರಳಾದ ರ‍್ಯಾಕ್ ಇಲ್ಲ, ಸಾಲು ಎಲಿಮೆಂಟ್ ಇಲ್ಲ. ಪಂಪ್ ಓಡಿಸಿ ಪರೀಕ್ಷಿಸುವ ಡೀಸೆಲ್ ಬೆಂಚಿಗೂ ಅದಕ್ಕೂ ಸಂಬಂಧವೇ ಇಲ್ಲ.

ಬೆಂಚಿನ ಕೆಲಸ ಅಚ್ಚುಕಟ್ಟು. ಪೆಟ್ರೋಲ್ ಹಾಕದೆ ಕ್ಯಾಲಿಬ್ರೇಶನ್ ಎಣ್ಣೆಯಲ್ಲೇ ಓಡಿಸುತ್ತಾರೆ, ಅದೇ ಸರಿ. ಆರೂ ಗಾಜಿನ ಕೊಳವೆಗಳಲ್ಲಿ ಬಿದ್ದ ಅಳತೆಯನ್ನು ಕಣ್ಣೆದುರೇ ಬರೆದುಕೊಡುತ್ತಾರೆ. ಬಿಗಿದ ರ‍್ಯಾಕನ್ನು ಬಡಿಯದೆ ದಿನಗಟ್ಟಲೆ ನೆನೆಹಾಕಿ ಸಡಿಲಿಸುವ ತಾಳ್ಮೆ ದೊಡ್ಡದು. ಕರಾವಳಿಯಲ್ಲಿ ಈ ಕೆಲಸವೇ ಹೆಚ್ಚು ಬೇಕಾಗುತ್ತದೆ: ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಮಳೆಗಾಲದ ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ಪ್ಲಂಜರ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಹಳೆಯ ರಬ್ಬರ್ ಸೀಲ್ ಉಬ್ಬುತ್ತದೆ. ಸೀಲ್ ಎಥನಾಲ್ ತಡೆಯುವಂಥದ್ದೇ ಇರಲಿ ಎಂದು ಮೊದಲೇ ಹೇಳಿ.

ಕೊರತೆ ಇಂಧನ ಸಿಂಪಡಿಸುವ ನೋಝಲ್‌ನ ವಿಭಾಗದಲ್ಲಿ. ಡೀಸೆಲ್ ನೋಝಲ್ ತೆರೆಯುವುದು ನೂರು ಬಾರ್ ದಾಟಿದ ಮೇಲೆ. ಪೋರ್ಷೆಯ ಪೆಟ್ರೋಲ್ ನೋಝಲ್ ಸುಮಾರು 15ರಿಂದ 18 ಬಾರ್‌ಗೇ ತೆರೆಯುತ್ತದೆ. ಇವರ ದೊಡ್ಡ ಗೇಜಿನಲ್ಲಿ ಮುಳ್ಳು ಅಲ್ಲಾಡಿದ್ದೂ ಕಾಣದು. 40 ಬಾರ್‌ನ ಚಿಕ್ಕ ಗೇಜ್ ಜೋಡಿಸಿದರೆ ಮಾತ್ರ ಆ ಅಳತೆಯನ್ನು ನಂಬಬಹುದು.

ಪಂಪ್ ವಾಪಸ್ ಕೂರಿಸುವ ಕೆಲಸವನ್ನೂ ಅವರಿಗೇ ಒಪ್ಪಿಸುವುದಾದರೆ ಒಂದು ಮಾತು ಚೀಟಿಯಲ್ಲಿ ಬರೆದುಕೊಡಿ. ಡೀಸೆಲ್ ಅಭ್ಯಾಸದ ಕೈ ಕಂಪ್ರೆಶನ್ ಸ್ಟ್ರೋಕಿನ ಟಿಡಿಸಿಗಿಂತ (ಪಿಸ್ಟನ್ ಅತಿ ಮೇಲೆ ತಲುಪುವ ಬಿಂದು) ಮೊದಲೇ ಗುರುತು ಹಿಡಿಯುತ್ತದೆ. ಎಸ್‌ಎಲ್‌ಗೆ ಬೇಕಾದದ್ದು ಒಂದನೇ ಸಿಲಿಂಡರಿನ ಇನ್‌ಟೇಕ್ ಸ್ಟ್ರೋಕಿನಲ್ಲಿ, ಟಿಡಿಸಿ ದಾಟಿದ 20 ಡಿಗ್ರಿ.