ಪೆನ್ಸಿಲ್ ಭಾವಚಿತ್ರದ ಆರ್ಡರ್ ಹಿಡಿಯುವವರಿಗೆ ಸಾಮಾನಿನ ವಿಮರ್ಶೆ: ಪೆನ್ಸಿಲ್, ಹಾಳೆ, ಸ್ಪ್ರೇ, ಕಟ್ಟು

ಚಿತ್ರ ಬರೆದು ನಾಲ್ಕು ಕಾಸು ಗಳಿಸಬೇಕೆಂದು ಹೊರಟವರಿಗೆ ಹುಬ್ಬಳ್ಳಿ-ಧಾರವಾಡದ ಕಡೆ ಸುಲಭವಾಗಿ ಸಿಗುವ ಕೆಲಸ ಪೆನ್ಸಿಲ್ ಭಾವಚಿತ್ರ. ತೀರಿಕೊಂಡ ಅಜ್ಜ-ಅಜ್ಜಿಯದು, ನಿವೃತ್ತರಾಗುವ ಮಾಸ್ತರರದು, ಮದುವೆ ಜೋಡಿಯದು; ಇಲ್ಲವೇ ಸಿದ್ಧಾರೂಢರು, ಪುಟ್ಟರಾಜ ಗವಾಯಿಗಳು, ಬೇಂದ್ರೆಯವರು. ಇದಕ್ಕೆ ಬೇಕಾದ ಸಾಮಾನನ್ನು ಇಲ್ಲಿ ಚಿತ್ರ ಮಾರುವವರ ದೃಷ್ಟಿಯಿಂದ ತೂಗಿ ನೋಡಿದೆ. ಕಲಿಕೆಗೆ ನಡೆಯುವುದೆಲ್ಲ ಮಾರಾಟಕ್ಕೆ ನಡೆಯುವುದಿಲ್ಲ, ಯಾಕೆಂದರೆ ದುಡ್ಡು ಕೊಟ್ಟವರ ಗೋಡೆಯ ಮೇಲೆ ಆ ಚಿತ್ರ ವರ್ಷಗಟ್ಟಲೆ ಇರಬೇಕು. ಪೆನ್ಸಿಲ್ಲಿಗೆ ಕಡಿಮೆ, ಹಾಳೆಗೆ ಮತ್ತು ಕಟ್ಟಿಗೆ, ಅಂದರೆ ಫ್ರೇಮಿಗೆ, ಹೆಚ್ಚು ಖರ್ಚು ಮಾಡಿ ಎಂಬುದೇ ನನ್ನ ತೀರ್ಮಾನ.

ಪೆನ್ಸಿಲ್‌ನಿಂದ ಶುರು ಮಾಡೋಣ. ಅಪ್ಸರಾ ಅಥವಾ ಕ್ಯಾಮೆಲ್‌ನ ಡ್ರಾಯಿಂಗ್ ಪೆನ್ಸಿಲ್ ಆರಂಭಕ್ಕೆ ಧಾರಾಳ ಸಾಕು. ಎಚ್‌ಬಿ, 2ಬಿ, 4ಬಿ, 6ಬಿ (ಬಿ ಜೊತೆಗಿನ ಅಂಕಿ ಹೆಚ್ಚಿದಷ್ಟೂ ಸೀಸ ಮೃದು, ಕಪ್ಪು) ಇದ್ದರೆ ಮುಖದ ಎಲ್ಲ ಛಾಯೆ ಬರುತ್ತದೆ. ಸ್ಟೆಡ್ಲರ್ ಮಾರ್ಸ್ ಲ್ಯೂಮೋಗ್ರಾಫ್ ನಿಜಕ್ಕೂ ಚೆನ್ನಾಗಿದೆ, ಅದರ ಸೀಸ ಒಂದೇ ಸಮನಾಗಿ ಇಳಿಯುತ್ತದೆ. ಆದರೆ ಬೆಲೆ ಹಲವು ಪಟ್ಟು ಹೆಚ್ಚು, ಮತ್ತು ಆ ವ್ಯತ್ಯಾಸವನ್ನು ಗಿರಾಕಿ ಗುರುತಿಸುವುದಿಲ್ಲ. ಅವರು ಗುರುತಿಸುವುದು ಹೊಳಪನ್ನು. ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಸೀಸ, ಮೇಲೆ ಮೇಲೆ ತಿಕ್ಕಿದಷ್ಟೂ ಲೋಹದಂತೆ ಮಿಂಚುತ್ತದೆ; ಕರೀ ಕೂದಲು ಕಿಟಕಿಯ ಬೆಳಕಿಗೆ ಬೂದಿ ಬಣ್ಣ ಕಾಣುತ್ತದೆ, ಫೋಟೊ ತೆಗೆದರೆ ಇನ್ನೂ ಕೆಟ್ಟದಾಗಿ. 8ಬಿ ಒತ್ತಿ ಬಳಿದರೂ ಇದು ಸರಿಹೋಗದು. ಕೂದಲು, ಕಣ್ಣಿನ ಪಾಪೆ, ಕೋಟಿನ ಮಡಿಕೆಗಳಿಗೆ ಚಾರ್ಕೋಲ್ (ಇದ್ದಿಲಿನ) ಪೆನ್ಸಿಲ್ ಬೇಕೇ ಬೇಕು. ಚಾರ್ಕೋಲ್ ಮೊದಲು, ಗ್ರಾಫೈಟ್ ಆಮೇಲೆ. ಗ್ರಾಫೈಟ್ ಜಾರುವ ವಸ್ತು, ಅದನ್ನು ತಿಕ್ಕಿದ ಜಾಗದಲ್ಲಿ ಚಾರ್ಕೋಲ್ ಹಿಡಿಯುವುದೇ ಇಲ್ಲ. ಆದ್ದರಿಂದ ಅತಿ ಕಪ್ಪು ಎಲ್ಲೆಲ್ಲಿ ಬರುತ್ತದೆಂದು ಮೊದಲೇ ಗುರುತು ಹಾಕಿಕೊಳ್ಳಿ. ಚಾರ್ಕೋಲ್ ಪೆನ್ಸಿಲ್ಲನ್ನು ಶಾರ್ಪ್ನರ್‌ಗೆ ಹಾಕಿದರೆ ತುದಿ ಮುರಿಯುತ್ತಲೇ ಇರುತ್ತದೆ, ಕಟರ್‌ನಿಂದ ಕೆತ್ತಬೇಕು.

ಒಂದು ನೀಡಬಲ್ ಇರೇಜರ್ ಕೊಳ್ಳಿ. ಕಣಕದಂತೆ ನಾದಿ ಚೂಪು ಮಾಡಿ ಒತ್ತಿದರೆ ಮೂಗಿನ ತುದಿಯ ಬೆಳಕು, ಬಿಳಿ ಮೀಸೆಯ ಎಳೆಗಳನ್ನು ಹಾಳೆಗೆ ಗಾಯವಾಗದಂತೆ ಎತ್ತುತ್ತದೆ. ಛಾಯೆ ಬೆರೆಸಲು ಕಾಗದದ ಸ್ಟಂಪ್ (ಬಿಗಿಯಾಗಿ ಸುತ್ತಿದ ಕಡ್ಡಿ) ಸಾಕು. ಬೆರಳಿನಿಂದ ತಿಕ್ಕಬೇಡಿ, ಚರ್ಮದ ಎಣ್ಣೆ ಹಾಳೆಗೆ ಇಳಿದು ಕಲೆ ಉಳಿಯುತ್ತದೆ.

ಹಾಳೆಯ ವಿಷಯಕ್ಕೆ ಬಂದರೆ, ಶಾಲೆ ಮಕ್ಕಳ ಡ್ರಾಯಿಂಗ್ ಬುಕ್ಕಿನ ತೆಳು ಹಾಳೆಯಲ್ಲಿ ಆರ್ಡರ್ ಮಾಡಿಕೊಡುವುದನ್ನು ಖಂಡಿತ ಒಪ್ಪಲಾರೆ. ಅಗ್ಗದ ಕಾಗದದಲ್ಲಿ ಉಳಿದ ಲಿಗ್ನಿನ್ (ಮರದ ನಾರನ್ನು ಬೆಸೆಯುವ ಅಂಶ) ಬೆಳಕಿಗೆ ಹಳದಿಯಾಗುತ್ತದೆ. ಕನಿಷ್ಠ 200 ಜಿಎಸ್‌ಎಂ (ಚದರ ಮೀಟರ್ ಹಾಳೆಯ ತೂಕ ಗ್ರಾಂನಲ್ಲಿ), ಆಸಿಡ್-ಫ್ರೀ (ಆಮ್ಲವಿಲ್ಲದ್ದು) ಎಂದು ಬರೆದಿರುವುದನ್ನೇ ಕೇಳಿ. ಬ್ರಸ್ಟ್ರೋದಂಥ ಪ್ಯಾಡ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಆದರೆ ಗದಗಿನಲ್ಲಿ ಟಿ.ಪಿ. ಅಕ್ಕಿಯವರು, ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು ಕಲಾಶಾಲೆ ಕಟ್ಟಿದ ಸೀಮೆ ಇದು. ಚಿತ್ರಕಲೆಯ ವಿದ್ಯಾರ್ಥಿಗಳು ಹೋಗುವ ಅಂಗಡಿಯಲ್ಲಿ 22×30 ಇಂಚಿನ ಬಿಡಿ ಹಾಳೆ ಕೇಳಿ ನೋಡಿ. ಅದನ್ನು ನಾಲ್ಕಾಗಿ ಕತ್ತರಿಸಿದರೆ 11×15 ಇಂಚಿನ ನಾಲ್ಕು ತುಂಡು, ಅಂದರೆ ನಾಲ್ಕು ಆರ್ಡರ್. ನಡುವೆ 8×12 ಇಂಚಿನ ಚಿತ್ರ ಬರೆದರೆ ಸುತ್ತಲೂ ಸರಿಯಾಗಿ ಒಂದೂವರೆ ಇಂಚು ಅಂಚು ಉಳಿಯುತ್ತದೆ, ಮೌಂಟ್ (ಚಿತ್ರದ ಸುತ್ತ ಕೂರುವ, ನಡುವೆ ಕತ್ತರಿಸಿದ ರಟ್ಟು) ಕೂರಿಸಲು ಅದು ಬೇಕು.

ಈ ಅಳತೆಗೆ ಇನ್ನೊಂದು ಅನುಕೂಲವೂ ಇದೆ. ಗಿರಾಕಿ ಕೊಟ್ಟ ಫೋಟೊವನ್ನು 4×6 ಇಂಚಿಗೆ ಪ್ರಿಂಟ್ ಹಾಕಿಸಿ, ಅರ್ಧ ಇಂಚಿನ ಚೌಕ ಎಳೆದರೆ 96 ಮನೆ. ಹಾಳೆಯ ಮೇಲೆ ಒಂದು ಇಂಚಿನ ಚೌಕ, ಅಲ್ಲೂ ಅಷ್ಟೇ ಮನೆ; ಒಂದೊಂದೇ ಮನೆ ನೋಡಿ ಬರೆದರೆ ಮುಖದ ಅಳತೆ ತಪ್ಪುವುದಿಲ್ಲ. ಗೆರೆಗಳನ್ನು ಎಚ್‌ಬಿಯಲ್ಲಿ ಮುಟ್ಟಿಯೂ ಮುಟ್ಟದಂತೆ ಎಳೆಯಿರಿ. ಗಟ್ಟಿಯಾದ 2ಎಚ್ ಒತ್ತಿ ಎಳೆದರೆ ಹಾಳೆಯಲ್ಲಿ ತಗ್ಗು ಬೀಳುತ್ತದೆ. ಆಮೇಲೆ ಅಳಿಸಿದರೂ ಆ ತಗ್ಗಿಗೆ ಛಾಯೆ ಇಳಿಯದೆ ಕೆನ್ನೆಯ ಮೇಲೆ ಬಿಳೀ ಗೆರೆ ಎದ್ದು ಕಾಣುತ್ತದೆ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಸುಮ್ಮನೆ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ ಬರುತ್ತದೆ. ಗುರುತಿನ ಚೀಟಿಯ ಮಸುಕು ಮುಖವೊಂದೇ ಇದ್ದರೆ ಬೇರೆ ಫೋಟೊ ಇದೆಯೇ ಎಂದು ವಿಚಾರಿಸಿ. ಇಲ್ಲವೆಂದರೆ ಎಷ್ಟು ಹೋಲಿಕೆ ಬರಬಹುದೆಂದು ಮುಂಗಡ ಹಿಡಿಯುವ ಮೊದಲೇ ತಿಳಿಸಿ.

ಪೆನ್ಸಿಲ್ ಪುಡಿ ಅಳಿಸಿಹೋಗದಂತೆ ಹಾಳೆಗೆ ಹಿಡಿಸುವ ಫಿಕ್ಸೆಟಿವ್ ಸ್ಪ್ರೇ ಅಗತ್ಯವಾದ ಖರ್ಚು. ಸುಮಾರು 30 ಸೆಂಟಿಮೀಟರ್ ದೂರದಿಂದ, ಗಾಳಿ ಆಡುವ ಕಡೆ, ತೆಳ್ಳಗೆ ಎರಡು ಸಲ, ನಡುವೆ ಒಣಗಲು ಬಿಟ್ಟು ಹೊಡೆಯಿರಿ. ಹತ್ತಿರದಿಂದ ಹೊಡೆದರೆ ಹನಿ ಬಿದ್ದು ಚುಕ್ಕೆಯಾಗುತ್ತದೆ. ಸ್ಪ್ರೇ ಮಾಡಿದ ಮೇಲೆ ಅಳಿಸಲು ಬಾರದು. ಬಿಳಿ ಪೆನ್ಸಿಲ್ಲಿನ ಮಿಂಚು ಇದ್ದರೆ ಸ್ಪ್ರೇ ಆದ ನಂತರವೇ ಕೊಡಬೇಕು, ಮೊದಲೇ ಕೊಟ್ಟರೆ ಮಾಸಿಹೋಗುತ್ತದೆ. ಬದಲಿಗೆ ಹೇರ್ ಸ್ಪ್ರೇ ನಡೆಯುತ್ತದೆ ಎನ್ನುವ ಸಲಹೆ ಬಹಳ ಓಡಾಡುತ್ತಿದೆ. ಅದು ಕಾಲಕ್ರಮೇಣ ಹಳದಿಯಾಗುತ್ತದೆ, ಮಾರುವ ಚಿತ್ರಕ್ಕೆ ಬೇಡ.

ಕಟ್ಟು ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ದೇವರ ಫೋಟೊಕ್ಕೆ ಕಟ್ಟು ಹಾಕುವ ಅಂಗಡಿಗಳಲ್ಲಿ ಹಾಳೆಯನ್ನು ನೇರವಾಗಿ ಗಾಜಿಗೆ ಒತ್ತಿ ಕೂರಿಸುವ ರೂಢಿ. ಅಚ್ಚಾದ ಪಟಕ್ಕೆ ಅದು ನಡೆದೀತು, ಪೆನ್ಸಿಲ್ ಚಿತ್ರಕ್ಕೆ ನಡೆಯುವುದಿಲ್ಲ. ಧಾರವಾಡದ ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತು ಹಾಳೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ, ಚಾರ್ಕೋಲ್ ಗಾಜಿಗೆ ಎದ್ದು ಬರುತ್ತದೆ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟ್ ಬೋರ್ಡ್ ಇರಲೇಬೇಕು. ಹಾಳೆಯನ್ನು ಮೇಲಿನ ಅಂಚಿನಲ್ಲಿ ಎರಡು ಕಡೆ ಮಾತ್ರ ಅಂಟಿಸಬೇಕು. ನಾಲ್ಕೂ ಕಡೆ ಅಂಟಿಸಿದರೆ ತೇವಕ್ಕೆ ಹಿಗ್ಗಿದ ಹಾಳೆಗೆ ಜಾಗವಿಲ್ಲದೆ ಉಬ್ಬುತ್ತದೆ. ಸೆಲ್ಲೋಟೇಪ್ ಬೇಡ, ಅದರ ಅಂಟು ಕಂದು ಕಲೆಯಾಗಿ ಮುಂದಕ್ಕೆ ಇಳಿಯುತ್ತದೆ. ಹಿಂದಿನ ಹಾರ್ಡ್‌ಬೋರ್ಡ್‌ಗೂ ಚಿತ್ರಕ್ಕೂ ನಡುವೆ ಒಂದು ಆಸಿಡ್-ಫ್ರೀ ಹಾಳೆ ಇಡಿಸಿ. ಹೊರಊರಿಗೆ ಗಾಜು ಸಮೇತ ಕಳಿಸಬೇಡಿ. ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಹೊದಿಸಿ, ಎರಡು ಗಟ್ಟಿ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಿದರೆ ಸಾಕು, ಕಟ್ಟನ್ನು ಅವರು ತಮ್ಮೂರಲ್ಲೇ ಹಾಕಿಸಲಿ.

ದರವನ್ನು ಹಾಳೆಯ ಅಳತೆಯ ಮೇಲಷ್ಟೇ ಕಟ್ಟುವುದರಿಂದ ಹೊಸಬರು ಸೋಲುತ್ತಾರೆ. ಸಮಯ ತಿನ್ನುವುದು ಮುಖಗಳ ಸಂಖ್ಯೆ, ಇಳಕಲ್ ಸೀರೆಯ ಸೆರಗು, ರುಮಾಲಿನ ಸುತ್ತು. ಗಂಟೆ ಬರೆದಿಟ್ಟುಕೊಳ್ಳಿ. ಗಂಟೆಗೆ 100 ರೂಪಾಯಿ ಎಂದು ಹಿಡಿದರೂ 10 ಗಂಟೆಯ ಚಿತ್ರಕ್ಕೆ ಕೂಲಿಯೇ 1,000 ಆಯಿತು. ಸಾಮಾನು, ಕಟ್ಟು, ಪಾರ್ಸೆಲ್ ಬೇರೆ. ಕಟ್ಟಿನ ಬಿಲ್ಲನ್ನು ಪ್ರತ್ಯೇಕವಾಗಿ ತೋರಿಸಿದರೆ ಚೌಕಾಶಿ ನಿಮ್ಮ ಕೂಲಿಯ ಮೇಲೆ ಬರುವುದು ಕಡಿಮೆ. ಅರ್ಧ ಹಣ ಮುಂಗಡ ಪಡೆಯಿರಿ. ಬರಿ ರೇಖೆ ಮುಗಿದಾಗ ಫೋಟೊ ಕಳಿಸಿ "ಸರಿ ಐತ್ರಿ" ಎಂಬ ಉತ್ತರ ಬಂದ ಮೇಲೆಯೇ ಛಾಯೆ ಶುರು ಮಾಡಿ. ದವಡೆ ತಿದ್ದಲು ಆಗ ಅರ್ಧ ಗಂಟೆ ಸಾಕು, ಛಾಯೆ ಆದ ಮೇಲೆ ಹೊಸ ಹಾಳೆಯೇ ಬೇಕು.

ಆರ್ಡರ್ ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಹಣ ಪಡೆದು ಒಬ್ಬರ ಕೋರಿಕೆಯ ಮೇರೆಗೆ ಬರೆದ ಭಾವಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ. ಅದೇ ಚಿತ್ರದ ಪ್ರಿಂಟ್ ಮಾರುವ ಅಥವಾ ಜಾಹೀರಾತಿಗೆ ಬಳಸುವ ಯೋಚನೆ ಇದ್ದರೆ, ಅದಕ್ಕೆ ಅವರ ಸಹಿಯನ್ನು ಮುಂಗಡ ಪಡೆಯುವ ಹೊತ್ತಿಗೇ ಹಾಕಿಸಿಕೊಳ್ಳಿ.