ಒಂದೇ ಕಾರ್ಡ್, ಎರಡು ಆಪರೇಟಿಂಗ್ ಸಿಸ್ಟಂ: ಮೈನಿಂಗ್‌ನಲ್ಲಿ ಆರ್‌ಎಕ್ಸ್ 580

ಎಎಂಡಿಯ ರೇಡಿಯಾನ್ ಆರ್‌ಎಕ್ಸ್ 580, 8 ಜಿಬಿ ಗ್ರಾಫಿಕ್ಸ್ ಕಾರ್ಡನ್ನು ವರ್ಷಗಳಿಂದ ಮೈನಿಂಗ್‌ಗೆ, ಅಂದರೆ ಲೆಕ್ಕ ಬಿಡಿಸಿ ಕ್ರಿಪ್ಟೊ ನಾಣ್ಯ ಗಳಿಸುವ ಕೆಲಸಕ್ಕೆ, ಬಳಸುತ್ತಿದ್ದೇನೆ. ವಿಂಡೋಸ್ 10ರಲ್ಲೂ ಓಡಿಸಿದ್ದೇನೆ, ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲೂ ಓಡಿಸಿದ್ದೇನೆ. ಲಿನಕ್ಸ್‌ನಲ್ಲಿ ಹ್ಯಾಶ್‌ರೇಟ್ (ಕಾರ್ಡ್ ಸೆಕೆಂಡಿಗೆ ಮಾಡುವ ಹ್ಯಾಶ್ ಎಂಬ ಲೆಕ್ಕಗಳ ಸಂಖ್ಯೆ) ತಾನಾಗಿಯೇ ಏರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವೇಗ ಡ್ರೈವರಿನ ಕೈಯಲ್ಲಿದೆ. ಆ ವೇಗ ವಾರಗಟ್ಟಲೆ ಕದಲದೆ ನಿಲ್ಲಬೇಕೆಂದಾಗ ಮಾತ್ರ ಆಪರೇಟಿಂಗ್ ಸಿಸ್ಟಂ ಯಾವುದು ಎಂಬ ಪ್ರಶ್ನೆ ಬರುತ್ತದೆ.

ಸಣ್ಣ ಲೆಕ್ಕವೊಂದನ್ನು ಹಾಕಿ ನೋಡಿ. ಇಥೀರಿಯಂ ಎಂಬ ಕ್ರಿಪ್ಟೊ ಜಾಲ ಬಳಸುತ್ತಿದ್ದ ಇಥ್ಯಾಷ್ ವಿಧಾನದಲ್ಲಿ ಒಂದು ಹ್ಯಾಶ್‌ಗಾಗಿ ಡಿಎಜಿ ಎಂಬ ಭಾರೀ ಕಡತದಿಂದ 128 ಬೈಟ್‌ಗಳಂತೆ 64 ಬಾರಿ ಓದಬೇಕು. ಒಟ್ಟು 8,192 ಬೈಟ್. ಈ ಕಾರ್ಡಿನ ಮೆಮೊರಿ ಸೆಕೆಂಡಿಗೆ ಹೆಚ್ಚೆಂದರೆ 256 ಜಿಬಿ ಸಾಗಿಸಬಲ್ಲದು. ಭಾಗಿಸಿದರೆ ಸಿಗುವುದು ಸೆಕೆಂಡಿಗೆ ಸುಮಾರು 31 ಮೆಗಾಹ್ಯಾಶ್, ಅಂದರೆ 3.1 ಕೋಟಿ ಹ್ಯಾಶ್. ಕಾರ್ಡಿನ ಬಯಾಸ್‌ನಲ್ಲಿ (ಅದರೊಳಗಿನ ಮೂಲ ಸಾಫ್ಟ್‌ವೇರ್) ಮೆಮೊರಿ ಟೈಮಿಂಗ್ ಬಿಗಿ ಮಾಡಿದ ಮೇಲೆ ನನ್ನ ಕಾರ್ಡ್ ಎರಡೂ ಕಡೆ 30ರ ಹತ್ತಿರ ನಿಂತಿತು. ಮೆಮೊರಿಯೇ ಹಾಕಿರುವ ಈ ಮಿತಿಯನ್ನು ಸಿಸ್ಟಂ ಬದಲಿಸಿ ದಾಟಲಾಗುವುದಿಲ್ಲ.

ಆ ಮಿತಿಯ ಹತ್ತಿರಕ್ಕಾದರೂ ಹೋಗಬೇಕಾದರೆ ಡ್ರೈವರ್ ಸರಿಯಿರಬೇಕು. 2017ರಲ್ಲಿ ಡಿಎಜಿ ಬೆಳೆದಂತೆಲ್ಲ ಪೋಲಾರಿಸ್ (ಆರ್‌ಎಕ್ಸ್ 580 ಸೇರಿದ ಪೀಳಿಗೆ) ಕಾರ್ಡ್‌ಗಳ ಹ್ಯಾಶ್‌ರೇಟ್ ಕುಸಿಯತೊಡಗಿತ್ತು. ಮೆಮೊರಿಯನ್ನು ಚಿಕ್ಕ ಚಿಕ್ಕ ಪುಟಗಳಾಗಿ ಹಂಚಿದ್ದರಿಂದ ಪ್ರತಿ ಓದಿಗೂ ವಿಳಾಸ ಹುಡುಕುವುದರಲ್ಲೇ ಸಮಯ ಹೋಗುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಎಎಂಡಿ ಬ್ಲಾಕ್‌ಚೈನ್ ಕೆಲಸಕ್ಕೆಂದೇ ಬೀಟಾ ಡ್ರೈವರ್ ಹೊರತಂದಿತು. ಅಕ್ಟೋಬರ್‌ನ 17.10.2 ಆವೃತ್ತಿಯಲ್ಲಿ ಗ್ರಾಫಿಕ್ಸ್, ಕಂಪ್ಯೂಟ್ ಎಂಬ ಆಯ್ಕೆಯೇ ಬಂತು. ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು ಎಎಂಡಿಜಿಪಿಯು-ಪ್ರೊ 17.40 ಡ್ರೈವರ್ ಮಾಡಿತು, ಕರ್ನಲ್‌ನ (ಸಿಸ್ಟಂನ ತಿರುಳು) ಬೂಟ್ ಸಾಲಿನಲ್ಲಿ ವಿಎಂ ಫ್ರಾಗ್ಮೆಂಟ್ ಸೈಜ್ ಅನ್ನು 9 ಎಂದು ಕೊಟ್ಟರೆ ಮೆಮೊರಿಗೆ ಚಿಕ್ಕ ತುಂಡುಗಳ ಬದಲು 2 ಎಂಬಿ ತುಂಡುಗಳು. ‘ನನ್ನ ಕಾರ್ಡ್ ನಿಧಾನ’ ಎನ್ನುವವರಿಗೆ ನಾನು ಮೊದಲು ಕೇಳುವುದು ಇದನ್ನೇ: ಕಂಪ್ಯೂಟ್ ಮೋಡ್‌ಗೆ ಹಾಕಿದ್ದೀರಾ? ವಿಂಡೋಸ್‌ನಲ್ಲಿ ಈ ಆಯ್ಕೆ ಕಾರ್ಡ್‌ಗೊಂದರಂತೆ ಇರುತ್ತದೆ, ಡ್ರೈವರನ್ನು ಶುದ್ಧವಾಗಿ ತೆಗೆದು ಹೊಸದಾಗಿ ಹಾಕಿದರೆ ಮತ್ತೆ ಗ್ರಾಫಿಕ್ಸ್‌ಗೆ ಮರಳಿರುತ್ತದೆ.

ವಿಂಡೋಸ್‌ನಲ್ಲಿ ಗಮನಿಸಬೇಕಾದ್ದು ಇನ್ನೂ ಇದೆ. ಕಾರ್ಡ್‌ಗಳ ಒಟ್ಟು ಮೆಮೊರಿಯಷ್ಟಾದರೂ ಪೇಜ್ ಫೈಲ್ (ಮೆಮೊರಿಯಂತೆ ಬಳಸಲು ಡಿಸ್ಕ್‌ನಲ್ಲಿ ಮೀಸಲಿಟ್ಟ ಕಡತ) ಬೇಕು, ಇಲ್ಲದಿದ್ದರೆ ಡಿಎಜಿ ತುಂಬುವಾಗಲೇ ಮೈನರ್, ಅಂದರೆ ಮೈನಿಂಗ್ ಸಾಫ್ಟ್‌ವೇರ್, ನಿಂತುಬಿಡುತ್ತದೆ. ಬಯಾಸ್ ತಿದ್ದಿದ್ದರೆ ಡ್ರೈವರ್ ಅದರ ಸಹಿಯನ್ನು ಒಪ್ಪದು, ಪ್ಯಾಚ್ ಹಾಕಬೇಕು. ಒಂದೆರಡು ಕಾರ್ಡ್‌ಗಳ ಮಟ್ಟಿಗೆ ಇದೆಲ್ಲ ಸಹಿಸಬಹುದು. ಕಾರ್ಡನ್ನು ಹೊಂದಿಸುವ ಆಫ್ಟರ್‌ಬರ್ನರ್ ಎಂಬ ವಿಂಡೋಸ್ ಸಾಫ್ಟ್‌ವೇರ್‌ನಲ್ಲಿ ವೋಲ್ಟೇಜ್ ಇಳಿಸುವ ಸುಲಭಕ್ಕೆ ಲಿನಕ್ಸ್‌ನಲ್ಲಿ ಸಾಟಿಯಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಆರು ಕಾರ್ಡ್‌ಗಳನ್ನು ಜೋಡಿಸಿದ ಮೈನಿಂಗ್ ಯಂತ್ರಕ್ಕಾದರೆ (ರಿಗ್) ನನ್ನ ಮತ ಲಿನಕ್ಸ್‌ಗೇ. ಮಾನಿಟರ್ ಬೇಡ, ಪೇಜ್ ಫೈಲಿನ ಗೊಡವೆ ಇಲ್ಲ, ದೂರದಿಂದಲೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ನೋಡಿಕೊಳ್ಳಬಹುದು. ಕರ್ನಲ್ ಮಾತ್ರ ತಾನಾಗಿ ಅಪ್‌ಡೇಟ್ ಆಗದಂತೆ ತಡೆಹಿಡಿಯಿರಿ. ಹೊಸ ಕರ್ನಲ್‌ಗೆ ಡ್ರೈವರ್ ಮಾಡ್ಯೂಲ್ ಹೊಂದದಿದ್ದರೆ ಅಂದಿನ ಮೈನಿಂಗ್ ಅಲ್ಲಿಗೆ ಮುಗಿಯಿತು. ಇಷ್ಟನ್ನು ಕೈಯಾರೆ ಮಾಡುವ ಉತ್ಸಾಹ ಇಲ್ಲದವರಿಗೆ ಮೈನಿಂಗ್‌ಗೆಂದೇ ಸಿದ್ಧಪಡಿಸಿದ ಲಿನಕ್ಸ್ ಆದ ಹೈವ್ ಓಎಸ್ ಇದೆ.

ಎನ್‌ವಿಡಿಯಾದಲ್ಲೂ ಡ್ರೈವರಿನದೇ ಆಟ. ಆರ್‌ಟಿಎಕ್ಸ್ 3060 ಬಂದಾಗ ಇಥೀರಿಯಂ ಹ್ಯಾಶ್‌ರೇಟನ್ನು ಅರ್ಧಕ್ಕೆ ಇಳಿಸಿದ್ದರು. 2021ರ ಮಾರ್ಚ್‌ನ 470.05 ಬೀಟಾ ಡ್ರೈವರ್‌ನಲ್ಲಿ ಆ ತಡೆ ಕಣ್ತಪ್ಪಿ ಬಿಟ್ಟುಹೋಗಿತ್ತು. ಕಾರ್ಡ್ ಅದೇ, ಒಂದು ಡ್ರೈವರ್ ಬದಲಾದದ್ದಕ್ಕೆ ಇಷ್ಟು ವ್ಯತ್ಯಾಸ.

ಹೋಲಿಸುವಾಗ ಮೈನರ್ ಪರದೆಯ ಅಂಕಿಯನ್ನು ನೆಚ್ಚಬೇಡಿ. ಮೆಮೊರಿಯ ವೇಗವನ್ನು ಅತಿಯಾಗಿ ಏರಿಸಿದರೆ ಪರದೆಯಲ್ಲಿ 31 ಕಾಣುತ್ತದೆ, ಪೂಲ್‌ನಲ್ಲಿ (ಹಲವರು ಸೇರಿ ಮೈನಿಂಗ್ ಮಾಡುವ ಕೂಟ) ತಿರಸ್ಕೃತ ಶೇರ್‌ಗಳು, ಅಂದರೆ ಒಪ್ಪಿಸಿದರೂ ಲೆಕ್ಕಕ್ಕೆ ಬಾರದ ಉತ್ತರಗಳು, ಬೀಳುತ್ತಿರುತ್ತವೆ. ಒಂದು ವಾರ ಪೂಲ್ ಒಪ್ಪಿದ ಶೇರ್‌ಗಳ ಸರಾಸರಿ ತೆಗೆಯಿರಿ, ಗೋಡೆಯ ಪ್ಲಗ್‌ಗೆ ವಿದ್ಯುತ್ ಮೀಟರ್ ಹಾಕಿ ವ್ಯಾಟ್‌ಗಳನ್ನೂ ಅಳೆಯಿರಿ.

2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂನಲ್ಲಿ ಮೈನಿಂಗ್ ನಿಂತಿತು. ಈಗ ನನ್ನ ಆರ್‌ಎಕ್ಸ್ 580 ಇಥೀರಿಯಂ ಕ್ಲಾಸಿಕ್ ಎಂಬ ಬೇರೆ ನಾಣ್ಯದ ಮೈನಿಂಗ್‌ನಲ್ಲಿದೆ, ಆಗಾಗ ರೇವನ್‌ಕಾಯಿನ್‌ನಲ್ಲಿ. ರೇವನ್‌ಕಾಯಿನ್‌ನ ಕಾಪೌ ವಿಧಾನ ಮೆಮೊರಿಗಷ್ಟೇ ಅಲ್ಲ, ಕಾರ್ಡಿನ ಕೋರ್‌ಗೂ (ಲೆಕ್ಕ ಮಾಡುವ ಭಾಗ) ಚೆನ್ನಾಗಿ ಕೆಲಸ ಕೊಡುವುದರಿಂದ ಹಳೆಯ ಕಡಿಮೆ ಕ್ಲಾಕ್‌ನ ಸೆಟ್ಟಿಂಗ್‌ಗಳು ಅಲ್ಲಿ ನಡೆಯುವುದಿಲ್ಲ. ಕ್ಲಾಕನ್ನೂ ವೋಲ್ಟೇಜನ್ನೂ ಮೊದಲಿನಿಂದ ಹೊಂದಿಸಿಕೊಳ್ಳಬೇಕು.